ತೀರ್ಥದ ನೀರು, ಕುಡಿಯುವ ನೀರು

(ಕೋಲಾರದಲ್ಲಿ ಕಾರ್ಯಕರ್ತರ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣದ ಪಾಠ)

ಇಂದಿನ ಮಾತಿಗೆ ನಾವು ಆರಿಸಿಕೊಂಡ ವಿಷಯವನ್ನು ಕೇಳಿ ನಿಮ್ಮಲ್ಲಿ ಕೆಲವರು ಹುಬ್ಬೇರಿಸಿದ್ದುಂಟು. ಭೂಮಿಯ ಪ್ರಶ್ನೆ, ಕೂಲಿಯ ಪ್ರಶ್ನೆ, ಬೆಲೆಯೇರಿಕೆಯ ಪ್ರಶ್ನೆ ಇಷ್ಟೆಲ್ಲ ಕಣ್ಣೆದುರಿಗಿರುವಾಗ ಸಮಾಜವಾದಿಗಳಿಗೆ ತೀರ್ಥದ ಗೊಡವೆ ಏಕೆಂದು ಕೇಳಿದವರೂ ಉಂಟು. ಕೇಳಿದ್ದು ತಪ್ಪಲ್ಲ. ಆದರೆ ನಮ್ಮ ಜನ ಕಣ್ಣಿಗೊತ್ತಿಕೊಳ್ಳುವ ನೀರು ಒಂದು, ದಿನವೂ ಕುಡಿಯುವ ನೀರು ಮತ್ತೊಂದು. ಇವೆರಡರ ನಡುವಿನ ಅಂತರವನ್ನು ಅರಿಯದವನು ಹಳ್ಳಿಗೆ ಹೋಗಿ ಎಷ್ಟು ಭಾಷಣ ಮಾಡಿದರೂ ಪ್ರಯೋಜನವಿಲ್ಲ. ಈ ಪಾಠವನ್ನು ನಾವು ಪುಸ್ತಕದಿಂದ ಕಲಿತದ್ದಲ್ಲ, ಪೆಟ್ಟು ತಿಂದು ಕಲಿತದ್ದು.

ಕೆಲವು ವರ್ಷಗಳ ಹಿಂದೆ ನಾವು ನಾಲ್ಕಾರು ಮಂದಿ ಅಂತರಗಂಗೆಯ ಬೆಟ್ಟ ಹತ್ತಿದ್ದೆವು. ನಮ್ಮೂರಿನ ನೆತ್ತಿಯ ಮೇಲಿರುವ ಆ ಶತಶೃಂಗ ಪರ್ವತವನ್ನು ನಿಮಗೆ ಬಣ್ಣಿಸಬೇಕಾಗಿಲ್ಲ. ಕಾಶಿ ವಿಶ್ವೇಶ್ವರನ ಗುಡಿಯ ಬಳಿ ಕಲ್ಲಿನ ಬಸವನ ಬಾಯಿಂದ ನೀರು ಬೀಳುವುದನ್ನು ನೀವೆಲ್ಲ ಕಂಡವರೇ. ಗಂಗೆಯೇ ನೆಲದೊಳಗಿನಿಂದ ಹರಿದು ಬಂದಿದ್ದಾಳೆಂಬುದು ಜನರ ನಂಬಿಕೆ. ನಮ್ಮ ಕೈಯಲ್ಲಿ ಕರಪತ್ರಗಳಿದ್ದವು. ಬೆಟ್ಟದ ಮೇಲೆ ಬಿದ್ದ ಮಳೆ ಬಂಡೆಯ ಬಿರುಕುಗಳಲ್ಲಿ ಇಳಿದು ತಗ್ಗಿನಲ್ಲಿ ಒರತೆಯಾಗಿ ಹೊರಬರುತ್ತದೆ, ಇದರಲ್ಲಿ ಪವಾಡವೇನೂ ಇಲ್ಲ ಎಂದು ಅವುಗಳಲ್ಲಿ ಅಚ್ಚುಹಾಕಿಸಿದ್ದೆವು. ಬರೆದದ್ದು ನಿಜವೇ ಆಗಿತ್ತು.

ಒಬ್ಬ ಅಜ್ಜಿ ಮೊಮ್ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ಮೆಟ್ಟಿಲು ಹತ್ತಿ ಬಂದಳು. ಎತ್ತಿಕೊಳ್ಳುವ ವಯಸ್ಸಿನ ಹುಡುಗನಲ್ಲ. ಆದರೆ ಅವನ ಎರಡು ಮಂಡಿಗಳೂ ಒಳಕ್ಕೆ ಬಾಗಿದ್ದವು. ಅಷ್ಟು ಮೆಟ್ಟಿಲು ಹತ್ತುವುದು ಅವನಿಂದಾಗದು. ಅಜ್ಜಿ ಬಸವನ ಬಾಯಿಗೆ ಸೀಸೆ ಹಿಡಿದು ನೀರು ತುಂಬಿದಳು, ಹುಡುಗನಿಗೆ ಕುಡಿಸಿದಳು, ಕಾಲಿಗೂ ಸವರಿದಳು. ನಮ್ಮಲ್ಲೊಬ್ಬರು ಕರಪತ್ರವನ್ನು ಚಾಚಿ, ಈ ನೀರಿನಿಂದ ಕಾಲು ನೆಟ್ಟಗಾಗುವುದಿಲ್ಲಮ್ಮ ಎಂದರು. ಆಕೆ ಕರಪತ್ರದ ಕಡೆ ನೋಡಲಿಲ್ಲ, ನಮ್ಮ ಮುಖ ನೋಡಿದಳು. "ನಿಮ್ ಬೋರ್ ನೀರು ಕುಡ್ದೇ ಮಗೀನ ಕಾಲು ಸೊಟ್ಟಗಾಯ್ತು ಅಂತಾರೆ. ಈ ನೀರು ಕುಡಿಸಿದ್ರೆ ಇನ್ನೇನು ಕೆಡ್ತದೆ, ನೀನೇ ಹೇಳಪ್ಪ" ಎಂದಳು.

ಹೇಳಲು ನಮ್ಮಲ್ಲಿ ಏನೂ ಇರಲಿಲ್ಲ. ಉಳಿದ ಕರಪತ್ರಗಳನ್ನು ಮಡಿಸಿ ಜೇಬಿಗಿಟ್ಟುಕೊಂಡು ಬೆಟ್ಟ ಇಳಿದೆವು. ಅಂದು ಆ ಅಜ್ಜಿಗೆ ಕೊಡಲಾರದ ಉತ್ತರವನ್ನು ಇಂದು ನಿಮ್ಮ ಮುಂದೆ ಇಡಲು ಪ್ರಯತ್ನಪಡುತ್ತೇವೆ.

ಮೊದಲು ತಿಳಿಯಬೇಕಾದದ್ದು, ನೀರಿನಲ್ಲಿ ದೈವವನ್ನು ಕಾಣುವುದು ನಮ್ಮ ದೇಶದವರ ದೌರ್ಬಲ್ಯವೆಂದು ಹೇಳುವುದು ಸುಳ್ಳು ಎಂಬುದು. ತಲಕಾವೇರಿಯಲ್ಲಿ ತುಲಾ ಸಂಕ್ರಮಣದಂದು ತೀರ್ಥೋದ್ಭವಕ್ಕೆ ಜನ ನೆರೆಯುತ್ತಾರೆ. ಶಿವಗಂಗೆಯ ಒಳಕಲ್ಲು ತೀರ್ಥದಲ್ಲಿ ಕೈಯಿಳಿಬಿಟ್ಟು, ನೀರು ಸಿಕ್ಕರೆ ಪುಣ್ಯವಂತರೆಂದು ಸಂತೋಷಪಡುತ್ತಾರೆ. ಪುತ್ತೂರು ತಾಲ್ಲೂಕಿನ ಇರ್ದೆಯಲ್ಲಿರುವ ಬೆಂದ್ರ್ ತೀರ್ಥದ ಬಿಸಿನೀರಿನಲ್ಲಿ ಮಿಂದರೆ ಚರ್ಮರೋಗ ವಾಸಿಯಾಗುವುದೆಂದು ನಂಬುತ್ತಾರೆ. ಮುಸಲ್ಮಾನ ಯಾತ್ರಿಕರು ಮಕ್ಕಾದಿಂದ ಜಮ್‌ಜಮ್ ಬಾವಿಯ ನೀರನ್ನು ಮನೆಗೆ ತರುತ್ತಾರೆ. ಯೂರೋಪಿನ ಕ್ರೈಸ್ತರಿಗೂ ಪವಿತ್ರ ಬಾವಿಗಳಿವೆ, ಒರತೆಗಳಿವೆ. ಭಾಷೆ ಬೇರೆ, ದೇವರ ಹೆಸರು ಬೇರೆ. ಸೀಸೆ ಹಿಡಿದ ಕೈ ಮಾತ್ರ ಎಲ್ಲ ಕಡೆಯೂ ಒಂದೇ ಬಗೆಯದು. ಹೆಚ್ಚಿನಂಶ ಅದು ಬಡವರ ಕೈ, ರೋಗಿಯ ಕೈ, ಇಲ್ಲವೆ ರೋಗಿಯ ತಾಯಿಯ ಕೈ.

ಯೂರೋಪಿನ ಒರತೆಗಳಲ್ಲಿ ಅತ್ಯಂತ ಪ್ರಸಿದ್ಧವಾದ ಒಂದರ ಕಥೆಯನ್ನು ಸ್ವಲ್ಪ ವಿವರವಾಗಿ ನೋಡೋಣ. ಫ್ರಾನ್ಸಿನ ದಕ್ಷಿಣದಲ್ಲಿ, ಪಿರೆನೀಸ್ ಪರ್ವತದ ತಪ್ಪಲಲ್ಲಿ ಲೂರ್ದ್ ಎಂಬ ಊರಿದೆ. ಅಲ್ಲಿ ಬರ್ನದೆತ್ ಸುಬಿರೂ ಎಂಬ ಹುಡುಗಿ. ತಂದೆ ಹಿಟ್ಟಿನ ಗಿರಣಿ ನಡೆಸುತ್ತಿದ್ದವನು, ಗಿರಣಿ ಕೈಬಿಟ್ಟು ಕೂಲಿಗಿಳಿದ. ಇಡೀ ಸಂಸಾರ ಹಿಂದೆ ಸೆರೆಮನೆಯಾಗಿದ್ದ ಒಂದೇ ಕೋಣೆಯಲ್ಲಿ ವಾಸವಾಗಿತ್ತು. 1855ರಲ್ಲಿ ಆ ಊರಿಗೆ ಕಾಲರಾ ಬಂದಾಗ ಹುಡುಗಿಗೂ ತಗಲಿತು. ಜೀವ ಉಳಿಯಿತಾದರೂ ಆರೋಗ್ಯ ಮತ್ತೆ ಕೂಡಲಿಲ್ಲ. ಉಬ್ಬಸ ಅವಳನ್ನು ಬಿಡಲಿಲ್ಲ. 1858ರ ಫೆಬ್ರವರಿ 11ರಂದು, 14 ವರ್ಷದ ಈ ಹುಡುಗಿ ಸೌದೆ ಆಯಲು ಹೋದವಳು ಗುಹೆಯೊಂದರಲ್ಲಿ ದಿವ್ಯಸ್ತ್ರೀಯನ್ನು ಕಂಡೆನೆಂದಳು. ಅದೇ ತಿಂಗಳ 25ರಂದು, ಆಕೆಯ ಅಪ್ಪಣೆಯೆಂದು ನೆಲದ ಕೆಸರನ್ನು ಕೈಯಿಂದ ತೋಡಿದಳು. ಮೊದಲು ಕೆಸರುನೀರು, ಆಮೇಲೆ ತಿಳಿನೀರು ಬಂದಿತು. ರೋಗಿಗಳು ಬರತೊಡಗಿದರು.

ಅಧಿಕಾರಿಗಳು ಮಾಡಿದ್ದೇನು? ಜೂನ್ ತಿಂಗಳಲ್ಲಿ ಗುಹೆಗೆ ಬೇಲಿ ಹಾಕಿಸಿದರು. ಜನ ಕಿತ್ತರು, ಮತ್ತೆ ಹಾಕಿಸಿದರು. ಕೊನೆಗೆ ಚಕ್ರವರ್ತಿ ಮೂರನೆಯ ನೆಪೋಲಿಯನ್ನನ ಆಜ್ಞೆಯಿಂದ ಅಕ್ಟೋಬರಿನಲ್ಲಿ ಬೇಲಿ ತೆಗೆಯಿತು. ಊರಿನ ದೊಡ್ಡಮನುಷ್ಯರಿಗೆ ಬೇರೆಯೇ ಆಸೆ. ಈ ನೀರಿನಲ್ಲಿ ಔಷಧೀಯ ಖನಿಜವಿದ್ದರೆ ನೆರೆಹೊರೆಯ ಊರುಗಳಂತೆ ತಾವೂ ಸಿರಿವಂತರಿಗೆ ಸ್ನಾನಗೃಹ ಕಟ್ಟಿ ಹಣ ಮಾಡಬಹುದೆಂದು ಲೆಕ್ಕಹಾಕಿದರು. ನೀರನ್ನು ಪರೀಕ್ಷೆಗೆ ಕಳಿಸಿದರು. ತುಲೂಸಿನ ರಸಾಯನಶಾಸ್ತ್ರದ ಪ್ರಾಧ್ಯಾಪಕ ಫಿಯೋಲ್ ಆಗಸ್ಟಿನಲ್ಲಿ ವರದಿ ಕೊಟ್ಟರು: ಇದು ಕುಡಿಯಲು ಯೋಗ್ಯವಾದ ಸಾಮಾನ್ಯ ನೀರು, ಇದರಲ್ಲಿ ವಿಶೇಷ ಔಷಧಗುಣ ಯಾವುದೂ ಕಂಡುಬರಲಿಲ್ಲ.

ಅಂದಿನಿಂದ ಲಕ್ಷೋಪಲಕ್ಷ ರೋಗಿಗಳು ಅಲ್ಲಿಗೆ ಹೋಗಿದ್ದಾರೆ. ವಾಸಿಯಾಯಿತೆಂಬ ಪ್ರಕರಣಗಳನ್ನು ಪರಿಶೀಲಿಸಲು 1883ರಲ್ಲಿ ವೈದ್ಯರ ಕಚೇರಿಯೂ ಏರ್ಪಟ್ಟಿತು. ಇಷ್ಟು ವರ್ಷಗಳಲ್ಲಿ ಚರ್ಚು ತಾನೇ ಪವಾಡವೆಂದು ಒಪ್ಪಿಕೊಂಡ ಪ್ರಕರಣಗಳು 70ಕ್ಕಿಂತ ತುಸು ಹೆಚ್ಚು, ಅಷ್ಟೆ. ಆ ನೀರನ್ನು ಕಂಡ ಬರ್ನದೆತ್? ಆಕೆ ಸಂನ್ಯಾಸಿನಿಯಾಗಿ, ಕ್ಷಯರೋಗದಿಂದ ನರಳಿ, 1879ರಲ್ಲಿ 35ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಆ ಒರತೆ ಆಕೆಯನ್ನು ವಾಸಿಮಾಡಲಿಲ್ಲ. ಇಂದಿಗೂ ಲೂರ್ದಿನಲ್ಲಿ ನೀರಿಗೆ ಬೆಲೆಯಿಲ್ಲ, ನಲ್ಲಿ ತಿರುಗಿಸಿ ಹಿಡಿದುಕೊಳ್ಳಬಹುದು. ಅಂಗಡಿಗಳಲ್ಲಿ ಮಾರುವುದು ಸೀಸೆಯನ್ನು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹಾಗಾದರೆ ಅಲ್ಲಿಗೆ ಹೋದವರೆಲ್ಲ ಮೂಢರೇ? ನಮ್ಮ ಉತ್ತರ, ಅಲ್ಲ. ಆ ಹುಡುಗಿಯ ಆರೋಗ್ಯವನ್ನು ಕೆಡಿಸಿದ ಕಾಲರಾ ಬಂದದ್ದು ಹೇಗೆಂಬುದನ್ನು ನೋಡಿದರೆ ಇದು ತಿಳಿಯುತ್ತದೆ. ಅದಕ್ಕಾಗಿ ಅದೇ ಕಾಲದ ಲಂಡನ್ನಿಗೆ ಹೋಗಬೇಕು.

1854ರ ಆಗಸ್ಟ್ ಕೊನೆಯಲ್ಲಿ ಲಂಡನ್ನಿನ ಸೋಹೋ ಪೇಟೆಯಲ್ಲಿ ಕಾಲರಾ ಹೊತ್ತಿಕೊಂಡಿತು. ಅಲ್ಲಿ ಬ್ರಾಡ್ ಬೀದಿಯಲ್ಲೊಂದು ಕೈಪಂಪಿನ ಬಾವಿ. ಅದರ ನೀರು ಬಹಳ ರುಚಿಯೆಂದು ಹೆಸರಾಗಿತ್ತು. ಹಿಂದೆ ಆ ಬೀದಿಯ ಕಡೆ ಇದ್ದು, ಆಮೇಲೆ ದೂರದ ಹ್ಯಾಂಪ್‌ಸ್ಟೆಡ್‌ಗೆ ಹೋಗಿ ನೆಲೆಸಿದ್ದ ಒಬ್ಬ ವಿಧವೆ, ಆ ನೀರಿನ ರುಚಿಗೆ ಮನಸೋತು ಗಾಡಿಯಲ್ಲಿ ತರಿಸಿಕೊಂಡು ಕುಡಿಯುತ್ತಿದ್ದಳು. ಆಕೆಯೂ ಕಾಲರಾದಿಂದ ಸತ್ತಳು. ಹ್ಯಾಂಪ್‌ಸ್ಟೆಡ್‌ನಲ್ಲಿ ಬೇರೆ ಯಾರಿಗೂ ರೋಗವಿರಲಿಲ್ಲ. ಅದೇ ಸೋಹೋದಲ್ಲಿ, ಸ್ವಂತ ಬಾವಿಯಿದ್ದ ನಿರ್ಗತಿಕರ ದುಡಿಮೆಮನೆಯಲ್ಲಿ 535 ಮಂದಿಯಿದ್ದರೂ ಸತ್ತವರು ಐವರು ಮಾತ್ರ. ಡಾಕ್ಟರ್ ಜಾನ್ ಸ್ನೋ ಎಂಬವರು ಇದನ್ನೆಲ್ಲ ಲೆಕ್ಕಹಾಕಿ, ರೋಗ ಬರುತ್ತಿರುವುದು ಕೆಟ್ಟ ಗಾಳಿಯಿಂದಲ್ಲ, ಈ ಬಾವಿಯ ನೀರಿನಿಂದ ಎಂದರು. ಸೆಪ್ಟೆಂಬರ್ 8ರಂದು ಪಂಪಿನ ಹಿಡಿಯನ್ನು ತೆಗೆಸಲಾಯಿತು. ಅಷ್ಟರಲ್ಲಿ ರೋಗ ಇಳಿಮುಖವಾಗಿತ್ತು. ಒಟ್ಟು 616 ಮಂದಿ ಸತ್ತರು.

ಇಲ್ಲಿ ಒಬ್ಬ ಪಾದ್ರಿಯ ಹೆಸರನ್ನು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಹೆನ್ರಿ ವೈಟ್‌ಹೆಡ್ ಆ ಪೇಟೆಯ ಕಿರಿಯ ಪಾದ್ರಿ. ಸ್ನೋ ಹೇಳಿದ್ದು ಸುಳ್ಳೆಂದು ತೋರಿಸಲು ಹೊರಟವರು. ಆ ಪೇಟೆಯ ಪ್ರತಿಯೊಂದು ಮನೆಯೂ ಅವರಿಗೆ ಗೊತ್ತು, ಸತ್ತವರ ಹಾಸಿಗೆಯ ಬಳಿ ಕುಳಿತವರು ಅವರು. ಮನೆಮನೆಗೆ ಹೋಗಿ ಕೇಳುತ್ತ ಕೇಳುತ್ತ, ಡಾಕ್ಟರು ಹೇಳಿದ್ದೇ ನಿಜವೆಂದು ಅವರಿಗೆ ಮನವರಿಕೆಯಾಯಿತು. ಬಾವಿಯ ಪಕ್ಕದ 40ನೆಯ ನಂಬರಿನ ಮನೆಯಲ್ಲಿ ಭೇದಿಯಿಂದ ಸತ್ತ ಕೂಸಿನ ಬಟ್ಟೆ ಒಗೆದ ನೀರು ಮಲಗುಂಡಿಗೆ ಹೋಗಿ, ಗುಂಡಿಯಿಂದ ಬಾವಿಗೆ ಇಳಿದಿತ್ತೆಂಬುದನ್ನು ಹುಡುಕಿ ತೆಗೆದವರು ಆ ಪಾದ್ರಿಯೇ. ದೇವರನ್ನು ನಂಬುವವನು ಸತ್ಯವನ್ನು ಕಾಣಲಾರನೆಂದು ನಮ್ಮ ತರುಣರು ಹೇಳುವಾಗ ನಮಗೆ ವೈಟ್‌ಹೆಡ್ ನೆನಪಾಗುತ್ತಾರೆ. ಜನರ ನಡುವೆ ಬದುಕಿದವರಾದ್ದರಿಂದ ಅವರಿಗೆ ಅದು ಸಾಧ್ಯವಾಯಿತು.

ಸ್ನೋ 1858ರ ಜೂನಿನಲ್ಲಿ ತೀರಿಕೊಂಡರು. ಆಗ ಫ್ರಾನ್ಸಿನಲ್ಲಿ ಆ ಗುಹೆಗೆ ಬೇಲಿ ಬಿಗಿಯುತ್ತಿದ್ದರು. ಅದೇ ಬೇಸಿಗೆಯಲ್ಲಿ ಥೇಮ್ಸ್ ನದಿಯ ಕೊಳಚೆ ನಾರಿ, ದುರ್ಗಂಧ ಪಾರ್ಲಿಮೆಂಟಿನ ಕಿಟಕಿಗಳೊಳಗೆ ನುಗ್ಗಿತು. ಬಡವರ ಕೇರಿಗಳಲ್ಲಿ ಸಾವಿರಾರು ಜನ ಸತ್ತಾಗ ಹೊರಡದ ಕಾಯಿದೆ, ಸದಸ್ಯರ ಮೂಗಿಗೆ ನಾತ ಬಡಿದಾಗ ಕೆಲವೇ ವಾರಗಳಲ್ಲಿ ಹೊರಟಿತು. ಬಜಲ್‌ಗೆಟ್ ಎಂಬ ಎಂಜಿನಿಯರರ ನೇತೃತ್ವದಲ್ಲಿ ನಗರದ ಒಳಚರಂಡಿ ಕಟ್ಟಲಾಯಿತು. ಒಳಚರಂಡಿ, ಶುದ್ಧ ನೀರಿನ ಕೊಳವೆ, ಆಸ್ಪತ್ರೆ ಇವು ಬಂದ ಕಡೆ ಕಾಲರಾ ಹಿಮ್ಮೆಟ್ಟಿತು. ಇವು ಬಾರದ ಕಡೆ ಜನರಿಗೆ ಉಳಿದದ್ದು ಒರತೆಯ ದಾರಿ. ಶುದ್ಧ ನೀರಿಲ್ಲದೆ ರೋಗಿಯಾದವನು ಶುದ್ಧ ನೀರನ್ನು ದೇವರಲ್ಲಿ ಬೇಡಿದರೆ ಅದರಲ್ಲಿ ಮೂಢತನವೆಷ್ಟು, ವಿವೇಕವೆಷ್ಟು, ನೀವೇ ಯೋಚಿಸಿ.

ಆದರೆ ಭಕ್ತಿಯ ಹೆಸರಿನಲ್ಲಿ ಕಣ್ಣು ಮುಚ್ಚಿಕೊಳ್ಳುವುದನ್ನೂ ನಾವು ಒಪ್ಪಲಾರೆವು. ರುಚಿಯಾದ ನೀರು ಕೊಲ್ಲಬಲ್ಲದೆಂದು ಬ್ರಾಡ್ ಬೀದಿ ತೋರಿಸಿತು. ತಿಳಿಯಾಗಿ ಕಾಣುವ ನೀರು, ಪೂಜೆಗೊಳ್ಳುವ ನೀರು ಕೂಡ ಕೊಲ್ಲಬಲ್ಲದು. ಜರ್ಮನಿಯ ರಾಬರ್ಟ್ ಕೋಕ್ 1884ರಲ್ಲಿ ಕಾಲರಾದ ಕ್ರಿಮಿಯನ್ನು ನಮ್ಮ ಕಲ್ಕತ್ತೆಯ ಒಂದು ಕೆರೆಯ ನೀರಿನಲ್ಲಿ ಕಂಡರು. ಆ ಕೆರೆಯಲ್ಲೇ ಜನ ಮೀಯುತ್ತಿದ್ದರು, ಬಟ್ಟೆ ಒಗೆಯುತ್ತಿದ್ದರು, ಅದನ್ನೇ ಕುಡಿಯುತ್ತಿದ್ದರು. ಕ್ರಿಮಿಗೆ ಜಾತಿಯಿಲ್ಲ, ಮಡಿಯಿಲ್ಲ, ಮಂತ್ರದ ಹೆದರಿಕೆಯೂ ಇಲ್ಲ.

ಮಡಿಯ ಮಾತು ಬಂದದ್ದರಿಂದ ವಿಷಯದ ತಿರುಳಿಗೇ ಬಂದಂತಾಯಿತು. ನೀರು ಪವಿತ್ರವೆಂದ ಕೂಡಲೆ ನಮ್ಮ ದೇಶದಲ್ಲಿ ಏಳುವ ಎರಡನೆಯ ಮಾತು, ಅದನ್ನು ಯಾರು ಮುಟ್ಟಬಹುದು, ಯಾರು ಮುಟ್ಟಬಾರದು ಎಂಬುದು. ಲೂರ್ದಿನ ಬೇಲಿ ನಾಲ್ಕು ತಿಂಗಳಲ್ಲಿ ತೆಗೆಯಿತು. ನಮ್ಮ ಬೇಲಿಗಳಿಗೆ ಸಾವಿರಾರು ವರ್ಷಗಳ ಆಯುಸ್ಸು.

ಮಹಾಡ್ ಎಂಬ ಊರು ಕೊಂಕಣ ಸೀಮೆಯಲ್ಲಿದೆ. ಅಲ್ಲಿ ಚವದಾರ್ ಎಂಬ ಕೆರೆ. ಚವದಾರ್ ಎಂದರೆ ರುಚಿಯುಳ್ಳದ್ದು. ಸಾರ್ವಜನಿಕ ಕೆರೆಗಳೂ ಬಾವಿಗಳೂ ಅಸ್ಪೃಶ್ಯರಿಗೆ ತೆರೆದಿರಬೇಕೆಂದು ಮುಂಬಯಿ ಶಾಸನಸಭೆ 1923ರಲ್ಲಿ ಬೋಲೆಯವರ ನಿರ್ಣಯವನ್ನು ಅಂಗೀಕರಿಸಿತ್ತು. ಮಹಾಡಿನ ಪುರಸಭೆಯೂ 1924ರಲ್ಲಿ ಒಪ್ಪಿತ್ತು. ಎಲ್ಲ ಕಾಗದದ ಮೇಲೆ. ಕೆರೆಯಲ್ಲಿ ದನ ಕುಡಿಯಬಹುದು, ನಾಯಿ ಕುಡಿಯಬಹುದು, ದಲಿತ ಕುಡಿಯಬಾರದು. 1927ರ ಮಾರ್ಚ್ 20ರಂದು ಡಾಕ್ಟರ್ ಅಂಬೇಡ್ಕರ್ ಸಾವಿರಾರು ಜನರೊಂದಿಗೆ ಮೆರವಣಿಗೆಯಲ್ಲಿ ಹೋಗಿ, ಕೆರೆಗಿಳಿದು, ಬೊಗಸೆಯಲ್ಲಿ ನೀರೆತ್ತಿ ಕುಡಿದರು. ಅಂದೇ ದಲಿತರ ಮೇಲೆ ಹಲ್ಲೆಗಳಾದವು. ಆಮೇಲೆ ಸವರ್ಣೀಯರು ಕೆರೆ ಮೈಲಿಗೆಯಾಯಿತೆಂದು ಸೆಗಣಿ, ಗಂಜಲ, ಹಾಲು, ಮೊಸರು ತುಂಬಿದ 108 ಕೊಡಗಳನ್ನು ಅದರಲ್ಲಿ ಮುಳುಗಿಸಿ ಮಂತ್ರ ಹೇಳಿಸಿ ಶುದ್ಧಿಮಾಡಿದರು. ಮನುಷ್ಯನ ಕೈ ತಗಲಿದ್ದು ಮೈಲಿಗೆ, ಸೆಗಣಿ ಕದಡಿದ್ದು ಶುದ್ಧಿ! ರಸಾಯನಶಾಸ್ತ್ರ ಓದದ ಮಗುವಿಗೂ ಇದರ ಅಸಂಗತ ತಿಳಿಯುತ್ತದೆ. ಮೊಕದ್ದಮೆ ನಡೆದು, ಹತ್ತು ವರ್ಷಗಳ ಬಳಿಕ, 1937ರ ಮಾರ್ಚಿನಲ್ಲಿ ಮುಂಬಯಿ ಹೈಕೋರ್ಟು ದಲಿತರ ಪರವಾಗಿ ತೀರ್ಪಿತ್ತಿತು.

ಅಂಬೇಡ್ಕರರಿಗೆ ಬಾಯಾರಿಕೆಯಾಗಿತ್ತೆಂದು ಮಹಾಡಿಗೆ ಹೋದದ್ದಲ್ಲ. ತಾವೂ ಎಲ್ಲರಂತೆ ಮನುಷ್ಯರೆಂದು ಸ್ಥಾಪಿಸಲು ಹೋದರು. ಆ ಬೊಗಸೆ ನೀರಿನ ಫಲವಾಗಿ ಇಂದು ನಮ್ಮ ಸಂವಿಧಾನದ 15ನೆಯ ಅನುಚ್ಛೇದದಲ್ಲಿ ಬಾವಿ, ಕೆರೆ, ಸ್ನಾನಘಟ್ಟ ಎಂಬ ಶಬ್ದಗಳಿವೆ. ಒಂದು ದೇಶದ ರಾಜ್ಯಾಂಗದಲ್ಲಿ ಬಾವಿಯ ಹೆಸರು ಬರೆಯಬೇಕಾಗಿ ಬಂತೆಂದರೆ ಆ ಬಾವಿಯ ಸುತ್ತ ಎಷ್ಟು ಅನ್ಯಾಯ ನಡೆದಿರಬೇಕು! ರೋಗ ಕಳೆಯುವ ನೀರು ಯಾವುದೆಂದು ನಮ್ಮನ್ನು ಕೇಳಿದರೆ, ಹಲವು ತೀರ್ಥಗಳ ಹೆಸರಿಗಿಂತ ಮೊದಲು ಚವದಾರ್ ಕೆರೆಯ ಹೆಸರನ್ನು ಹೇಳುತ್ತೇವೆ.

ಮಿತ್ರರೆ, ಈಗ ನಮ್ಮ ಜಿಲ್ಲೆಗೆ ಮರಳೋಣ. ವರ್ಷವಿಡೀ ಹರಿಯುವ ನದಿ ನಮಗಿಲ್ಲ. ಹಿರಿಯರು ಸಾವಿರಾರು ಕೆರೆ ಕಟ್ಟಿ ಬದುಕಿದರು. ಹಲವು ಹಳ್ಳಿಗಳಲ್ಲಿ ತೂಬು ಎತ್ತಿ ಗದ್ದೆಗದ್ದೆಗೆ ನೀರು ಹಂಚುತ್ತಿದ್ದ ನೀರುಗಂಟಿ ದಲಿತನೇ ಆಗಿರುತ್ತಿದ್ದ. ಇಡೀ ಊರಿಗೆ ನೀರು ಕೊಟ್ಟವನಿಗೆ ಊರ ಬಾವಿಯಲ್ಲಿ ಕೊಡ ಇಳಿಸುವ ಹಕ್ಕಿರಲಿಲ್ಲ. ಆಮೇಲೆ ಕೆರೆಗಳಲ್ಲಿ ಹೂಳು ತುಂಬಿತು, ತೆರೆದ ಬಾವಿಗಳು ಬತ್ತಿದವು, ಕೊಳವೆಬಾವಿಗಳು ಬಂದವು. ಅವು ನೂರಾರು ಅಡಿಯಿಂದ ಸಾವಿರ ಅಡಿಗೂ ಕೆಳಗಿಳಿದವು. ಅಷ್ಟು ಆಳದ ಕಲ್ಲಿನ ನಡುವೆ ಬಹುಕಾಲ ನಿಂತ ನೀರಿನಲ್ಲಿ ಫ್ಲೋರೈಡ್ ಎಂಬ ವಸ್ತು ಕರಗಿರುತ್ತದೆ. ಒಂದು ಲೀಟರಿಗೆ 1.5 ಮಿಲಿಗ್ರಾಮಿಗಿಂತ ಹೆಚ್ಚಾದರೆ ಅದು ಕುಡಿಯಲು ತಕ್ಕುದಲ್ಲ. ನಮ್ಮ ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲಿ ಈ ಮಿತಿ ದಾಟಿದೆ. ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲಿನ ಮೇಲೆ ಕಂದು ಕಲೆ, ಆಮೇಲೆ ಕೀಲುನೋವು, ಬೆನ್ನು ಬಗ್ಗದಿರುವುದು, ಬೆಳೆಯುವ ಮಕ್ಕಳಲ್ಲಿ ಕಾಲಿನ ಎಲುಬು ಸೊಟ್ಟಗಾಗುವುದು. ನಮ್ಮ ದೇಶದಲ್ಲಿ ಈ ರೋಗವನ್ನು ವೈದ್ಯರು ಮೊದಲು ವರದಿ ಮಾಡಿದ್ದು 1937ರಲ್ಲಿ, ನೆಲ್ಲೂರು ಜಿಲ್ಲೆಯಿಂದ. ಅಂದರೆ ಚವದಾರ್ ಕೆರೆಯ ತೀರ್ಪು ಬಂದ ವರ್ಷವೇ ನೀರಿನ ಈ ಇನ್ನೊಂದು ಅನ್ಯಾಯವೂ ದಾಖಲೆಗೆ ಬಂದಿತು. ಇಷ್ಟು ದಶಕಗಳ ಹಿಂದೆ ತಿಳಿದ ರೋಗ ಇಂದಿಗೂ ನಮ್ಮ ಮಕ್ಕಳ ಹಲ್ಲಿನ ಮೇಲಿದೆ.

ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕಾಯಿಸಿದರೆ ಹೋಗದು, ಕುದಿಸಿದಷ್ಟೂ ಗಟ್ಟಿಯಾಗುತ್ತದೆ. ತೆಗೆಯುವ ಉಪಾಯ ಇಲ್ಲದೆ ಇಲ್ಲ: ಪಟಿಕ ಮತ್ತು ಸುಣ್ಣ ಬಳಸುವ ನಲ್ಗೊಂಡ ವಿಧಾನವಿದೆ, ಶೋಧಕ ಯಂತ್ರಗಳಿವೆ, ಎಲ್ಲಕ್ಕಿಂತ ಸುಲಭವಾದ ಮಳೆನೀರಿನ ಸಂಗ್ರಹವಿದೆ. ಹಳ್ಳಿಗಳಲ್ಲಿ ನಾಣ್ಯ ಹಾಕಿ ನೀರು ಹಿಡಿಯುವ ಘಟಕಗಳು ಬಂದಿವೆ. ನಡೆಯುವಷ್ಟು ದಿನ ಅವು ಉಪಕಾರಿ. ಆದರೆ ಯಂತ್ರ ಕೆಟ್ಟು ನಿಂತ ದಿನ, ಕೈಯಲ್ಲಿ ನಾಣ್ಯವಿಲ್ಲದ ದಿನ ಬಡವಳ ಕೊಡ ಮತ್ತೆ ಅದೇ ಬೋರಿನ ಕೆಳಗೆ. ಲೂರ್ದಿನಲ್ಲಿ ನೀರು ಬಿಟ್ಟಿ, ಸೀಸೆಗೆ ಬೆಲೆ ಎಂದೆವಲ್ಲ. ನಮ್ಮಲ್ಲಿ ನೀರಿಗೇ ಬೆಲೆ ಕಟ್ಟಿದ್ದೇವೆ. 2018ರಿಂದ ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ನಮ್ಮ ಕೆರೆಗಳಿಗೆ ಹರಿಸಲಾಗುತ್ತಿದೆ. ಕೆರೆ ತುಂಬಿದ್ದಕ್ಕೆ ರೈತ ಸಂತೋಷಪಟ್ಟಿದ್ದಾನೆ, ಮೂರನೆಯ ಹಂತದ ಶುದ್ಧೀಕರಣ ಬೇಕೆಂದೂ ಕೇಳುತ್ತಿದ್ದಾನೆ. ಎರಡೂ ನ್ಯಾಯವೇ.

ಈಗ ಅಜ್ಜಿಯ ಪ್ರಶ್ನೆಗೆ ಬರೋಣ. ಬೆಟ್ಟದ ಮೇಲೆ ಮಳೆ ಬಿದ್ದು, ಬಂಡೆಯ ಸಂದಿಯಲ್ಲಿ ಹೆಚ್ಚು ಕಾಲ ನಿಲ್ಲದೆ ಹೊರಬರುವ ಒರತೆಯಲ್ಲಿ ಸಾಮಾನ್ಯವಾಗಿ ಫ್ಲೋರೈಡ್ ಕಡಿಮೆ. ಆಳದ ಬೋರಿನ ನೀರನ್ನು ಬಿಟ್ಟು ಒರತೆಯ ನೀರನ್ನು ಹುಡುಕಿಕೊಂಡು ಹೋದ ಆ ಹೆಂಗಸು, ನಮ್ಮ ಕರಪತ್ರಕ್ಕಿಂತ ಹೆಚ್ಚು ವೈಜ್ಞಾನಿಕವಾಗಿ ನಡೆದುಕೊಂಡಿದ್ದಳು. ಒಂದು ಸೀಸೆಯಿಂದ ಸಾಲದು, ಅಷ್ಟೆ. ಒಮ್ಮೆ ಬಾಗಿದ ಎಲುಬು ನೀರು ಬದಲಿಸಿದ ಮಾತ್ರಕ್ಕೆ ನೆಟ್ಟಗಾಗದೆಂಬುದನ್ನೂ ಮುಚ್ಚಿಡಬಾರದು. ಸೊಟ್ಟಗಾಲಿಗೆ ಬೇರೆ ಕಾರಣಗಳೂ ಉಂಟಾದ್ದರಿಂದ ಮಗುವನ್ನು ವೈದ್ಯರಿಗೆ ತೋರಿಸಲೇಬೇಕು. ಇಷ್ಟನ್ನು ಅಂದು ಆಕೆಗೆ ತಿಳಿಸಿ, ಹುಡುಗನನ್ನು ಆಸ್ಪತ್ರೆಗೆ ಕರೆದೊಯ್ದು, ಆಕೆಯ ಊರಿನ ನೀರನ್ನು ಪರೀಕ್ಷೆಗೆ ಕಳಿಸಿದ್ದರೆ ನಾವು ಸಮಾಜವಾದಿಗಳೆಂದು ಹೇಳಿಕೊಳ್ಳಲು ಅರ್ಹರಾಗುತ್ತಿದ್ದೆವು. ಆಕೆಯ ಊರ ಹೆಸರನ್ನೂ ನಾವು ಕೇಳಲಿಲ್ಲ. ಆ ತಪ್ಪು ಇಂದಿಗೂ ನಮ್ಮನ್ನು ಕೊರೆಯುತ್ತದೆ.

ಆದ್ದರಿಂದ ಈ ಕೂಟದಿಂದ ಎದ್ದು ಹೋಗುವ ಮೊದಲು ಕೆಲವು ಕೆಲಸಗಳನ್ನು ಹಂಚಿಕೊಳ್ಳೋಣ. ಪ್ರತಿಯೊಬ್ಬ ಕಾರ್ಯಕರ್ತನೂ ತನ್ನ ಊರಿನ ಕುಡಿಯುವ ನೀರಿನ ಪರೀಕ್ಷೆ ಮಾಡಿಸಬೇಕು. ಅದರ ಫಲವನ್ನು ಪಂಚಾಯತಿಯ ಕಡತದಲ್ಲಿ ಬಚ್ಚಿಡದೆ ತೊಟ್ಟಿಯ ಗೋಡೆಯ ಮೇಲೆ ಕನ್ನಡದಲ್ಲಿ ದೊಡ್ಡಕ್ಷರಗಳಲ್ಲಿ ಬರೆಯಿಸಬೇಕು. ತೀರ್ಥಗಳ ನೀರಿಗೂ ಇದೇ ಪರೀಕ್ಷೆ ಆಗಬೇಕು. ನಂಬಿ ಬರುವವನಿಗೆ ಕೆಟ್ಟ ನೀರು ಕುಡಿಸುವುದು ಭಕ್ತಿಯಲ್ಲ. ಒರತೆಗೆ ಮಳೆನೀರು ಇಳಿಸುವ ಬೆಟ್ಟವನ್ನು ಕಲ್ಲು ಒಡೆಯುವವರಿಂದಲೂ ಕಸ ಸುರಿಯುವವರಿಂದಲೂ ಕಾಪಾಡಬೇಕು. ಜಾತಿಯ ಹೆಸರಿನಲ್ಲಿ ಯಾರನ್ನಾದರೂ ದೂರವಿಡುವ ಬಾವಿ, ಕಲ್ಯಾಣಿ, ಗುಡಿಯ ಕೊಳ ಎಲ್ಲಿದ್ದರೂ ಅಲ್ಲಿಗೆ ನಾವೆಲ್ಲ ಒಟ್ಟಾಗಿ ಕೊಡ ಹಿಡಿದು ಹೋಗಬೇಕು. ಶುದ್ಧ ನೀರು ಪ್ರತಿ ಮನೆಗೆ ಹಕ್ಕಾಗಿ ಬರುವ ತನಕ ಸರ್ಕಾರವನ್ನು ಸುಮ್ಮನಿರಲು ಬಿಡಬಾರದು, ಅದು ಯಾವ ಪಕ್ಷದ್ದೇ ಆಗಿರಲಿ.

ತೀರ್ಥಕ್ಕೆ ಹೋಗುವವರನ್ನು ತಡೆಯುವ ಕೆಲಸ ನಮ್ಮದಲ್ಲ. ಅವರ ಜೊತೆ ಮೆಟ್ಟಿಲು ಹತ್ತೋಣ, ಎತ್ತಿಕೊಂಡ ಮಗುವನ್ನು ಸ್ವಲ್ಪ ದೂರ ನಾವು ಎತ್ತಿಕೊಳ್ಳೋಣ, ಯಾವ ಊರು ತಾಯಿ ಎಂದು ಕೇಳೋಣ. ನಮ್ಮ ಕೆಲಸ ಅಲ್ಲಿಂದ ಶುರುವಾಗಲಿ.